ಎಟಿಎಂ ಫ್ರಾಂಚೈಸಿ: ಸಹಿ ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಮಾನ್ಯ ಸಂಪಾದಕರೇ,

‘ನಿಮ್ಮ ಜಾಗದಲ್ಲಿ ಎಟಿಎಂ ಹಾಕಿಸಿ, ಕೂತಲ್ಲೇ ತಿಂಗಳಿಗೆ 60 ಸಾವಿರ ಗಳಿಸಿ’ ಎಂಬ ಸಂದೇಶ ಹೋಬಳಿ ಮಟ್ಟದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇದೆ. ಇದರ ಹಿಂದೆ ನಿಜವಾದ ವ್ಯಾಪಾರವೊಂದಿದೆ, ಅಪ್ಪಟ ಮೋಸವೂ ಇದೆ. ಎರಡೂ ಒಂದೇ ಬಾಯಲ್ಲಿ ಬರುವುದರಿಂದ ಹಳ್ಳಿಯ ಹುಡುಗರು ಅಮ್ಮನ ಒಡವೆ ಅಡವಿಟ್ಟು ದುಡ್ಡು ಕಟ್ಟುತ್ತಿದ್ದಾರೆ. ನಿಜವಾದ ವ್ಯಾಪಾರ ಯಾವುದು, ಅದರಲ್ಲಿ ದುಡ್ಡು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಈ ಕಸುಬು ಬಲ್ಲವರು ಬಿಡಿಸಿ ಹೇಳಬೇಕು ಎಂಬ ಕಾರಣಕ್ಕೆ ಈ ಪತ್ರ.

ಯಾವ ಬ್ಯಾಂಕಿನ ಹೆಸರೂ ಇಲ್ಲದೆ ಎಲ್ಲ ಬ್ಯಾಂಕಿನ ಕಾರ್ಡಿಗೂ ಹಣ ಕೊಡುವ ಯಂತ್ರಕ್ಕೆ ವೈಟ್ ಲೇಬಲ್ ಎಟಿಎಂ ಎನ್ನುತ್ತಾರೆ. ಇದಕ್ಕೆ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಹೊರಡಿಸಿದ್ದು 2012ರ ಜೂನ್‌ನಲ್ಲಿ. ಮರುವರ್ಷವೇ ಮಹಾರಾಷ್ಟ್ರದ ವಸಈ ಹತ್ತಿರದ ಹಳ್ಳಿಯೊಂದರಲ್ಲಿ ದೇಶದ ಮೊದಲ ಯಂತ್ರ ಶುರುವಾಯಿತು. ಇಂಥ ಯಂತ್ರಗಳನ್ನು ನಡೆಸುವ ಪರವಾನಗಿ ಬೇಕಾದರೆ ಕಂಪನಿಯ ನಿವ್ವಳ ಮೌಲ್ಯ ಕನಿಷ್ಠ 100 ಕೋಟಿ ರೂಪಾಯಿ ಇರಬೇಕು. ಹಾಗಾಗಿ ಸಾಮಾನ್ಯ ಮನುಷ್ಯನೊಬ್ಬ ಎಟಿಎಂನ ‘ಮಾಲೀಕ’ ಆಗುವ ಮಾತೇ ಇಲ್ಲ. ಅವನು ಆಗಬಹುದಾದದ್ದು ಪರವಾನಗಿ ಪಡೆದ ಕಂಪನಿಯ ಫ್ರಾಂಚೈಸಿ. ಯಂತ್ರ, ಸಾಫ್ಟ್‌ವೇರ್, ಬ್ಯಾಂಕುಗಳ ಜೊತೆಗಿನ ಸಂಪರ್ಕ ಕಂಪನಿಯದು. ಜಾಗ, ಕರೆಂಟು, ದಿನದ ಉಸ್ತುವಾರಿ ಇವನದು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರಕ್ಕೆ ತುಂಬುವ ದುಡ್ಡು ಇವನದು. ಮಧ್ಯವರ್ತಿಗಳು ಬಾಯಿಬಿಟ್ಟು ಹೇಳದೆ ಉಳಿಸುವ ವಿಷಯ ಈ ಕೊನೆಯದೇ.

ಆದಾಯದ ಮೂಲ ಹೀಗಿದೆ. ಗ್ರಾಹಕ ಬೇರೆಯವರ ಎಟಿಎಂನಲ್ಲಿ ಹಣ ತೆಗೆದಾಗ ಕಾರ್ಡ್ ಕೊಟ್ಟ ಬ್ಯಾಂಕು ಯಂತ್ರ ನಡೆಸುವವರಿಗೆ ಇಂಟರ್‌ಚೇಂಜ್ ಎಂಬ ಶುಲ್ಕ ಕೊಡುತ್ತದೆ. 2021ರ ಆಗಸ್ಟ್‌ನಿಂದ ಅದು ಹಣ ತೆಗೆದದ್ದಕ್ಕೆ ₹17, ಬ್ಯಾಲೆನ್ಸ್ ನೋಡುವಂಥ ಕೆಲಸಕ್ಕೆ ₹6 ಇತ್ತು. 2025ರ ಮೇ 1ರಿಂದ ₹19 ಮತ್ತು ₹7 ಆಯಿತು. ಈ ದುಡ್ಡು ಮೊದಲು ಕಂಪನಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಒಪ್ಪಂದದ ಪ್ರಕಾರ ಫ್ರಾಂಚೈಸಿಗೆ ಕಮಿಷನ್ ಎಂದು ಕೊಡುತ್ತಾರೆ. ಯಾರಾದರೂ ಒಂದು ವಹಿವಾಟಿಗೆ ₹19ಕ್ಕಿಂತ ಹೆಚ್ಚು ಕೊಡುತ್ತೇವೆ ಎಂದರೆ ಅಲ್ಲೇ ಎದ್ದು ಬರಬಹುದು. ಬರುವುದಕ್ಕಿಂತ ಹೆಚ್ಚು ಹಂಚಲು ಯಾರಿಂದಲೂ ಆಗದು.

ಮೋಸದ ಗುರುತು ಹಿಡಿಯುವುದು ಕಷ್ಟವಲ್ಲ. ನಿಜವಾದ ಕಂಪನಿಯ ಹೆಸರನ್ನೇ ಹೋಲುವ ವೆಬ್‌ಸೈಟ್ ಮಾಡಿ, ‘ನಿಮ್ಮ ಪಿನ್‌ಕೋಡ್‌ಗೆ ಎಟಿಎಂ ಮಂಜೂರಾಗಿದೆ’ ಎಂಬ ಸೀಲು ಹೊಡೆದ ಪತ್ರ ಕಳಿಸುತ್ತಾರೆ. ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ವಿಮೆ, ಆಮೇಲೆ ಲಾರಿ ಬಾಡಿಗೆ ಎಂದು ಕಂತು ಕಂತಾಗಿ ಕೇಳುತ್ತಾರೆ. ಮೊಬೈಲ್ ಟವರ್ ಹೆಸರಿನಲ್ಲಿ ಆಗಿದ್ದೂ ಇದೇ. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಪಾವತಿ ವ್ಯವಸ್ಥೆ ನಡೆಸುವವರ ಆ ಪಟ್ಟಿಯಲ್ಲಿ ವೈಟ್ ಲೇಬಲ್ ಎಟಿಎಂ ಎಂಬ ವಿಭಾಗವಿದ್ದು, ಅಲ್ಲಿರುವ ಹೆಸರುಗಳನ್ನು ಬೆರಳಲ್ಲಿ ಎಣಿಸಬಹುದು. ಬೆಂಗಳೂರಿನ ಇಂಡಿಯಾ1 ಪೇಮೆಂಟ್ಸ್, ಹಿಟಾಚಿ ಪೇಮೆಂಟ್ ಸರ್ವಿಸಸ್, ವಕ್ರಾಂಗಿ ಇಂಥವು. ಪಟ್ಟಿಯಲ್ಲಿರುವ ಕಂಪನಿಯ ನೋಂದಾಯಿತ ವಿಳಾಸಕ್ಕೆ ನೀವೇ ಪತ್ರ ಬರೆದು, ‘ಈ ವ್ಯಕ್ತಿ ನಿಮ್ಮವನೇ’ ಎಂದು ಕೇಳಿ. ಠೇವಣಿಯನ್ನು ಕಂಪನಿಯ ಹೆಸರಿನ ಚಾಲ್ತಿ ಖಾತೆಗೆ ಮಾತ್ರ ಕಟ್ಟಿ. ವ್ಯಕ್ತಿಯ ಹೆಸರಿನ ಖಾತೆ, ಯುಪಿಐ ಕ್ಯೂಆರ್ ಕೋಡ್, ‘ಇವತ್ತು ಸಂಜೆಯೊಳಗೆ’ ಎಂಬ ಅವಸರ, ಈ ಮೂರರಲ್ಲಿ ಒಂದು ಕಂಡರೂ ದುಡ್ಡು ಕಟ್ಟಬೇಡಿ. ಜಾಗಕ್ಕೆ ಒಬ್ಬ ಎಂಜಿನಿಯರನ್ನೂ ಕಳಿಸದೆ ಮಂಜೂರು ಮಾಡುವ ಕಂಪನಿ ಇರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಪ್ಪಂದದಲ್ಲಿ ನಗದು ತೆಗೆದದ್ದಕ್ಕೆ ₹8, ಬ್ಯಾಲೆನ್ಸ್ ನೋಡಿದ್ದಕ್ಕೆ ₹2 ಎಂದಿದೆ ಎಂದುಕೊಳ್ಳಿ. ದಿನಕ್ಕೆ 120 ಜನ ಹಣ ತೆಗೆದು, 40 ಜನ ಬ್ಯಾಲೆನ್ಸ್ ನೋಡಿದರೆ ತಿಂಗಳಿಗೆ ₹28,800 ಮತ್ತು ₹2,400, ಒಟ್ಟು ₹31,200. ಖರ್ಚು ನೋಡಿ. ಮಳಿಗೆ ಬಾಡಿಗೆ ₹5,000, ಎಸಿ ಸೇರಿ ವಾಣಿಜ್ಯ ದರದ ಕರೆಂಟು ₹4,000, ಅರ್ಧ ದಿನದ ಸಹಾಯಕನಿಗೆ ₹6,000, ಬ್ಯಾಂಕಿಗೆ ಓಡಾಟ ₹2,000. ಅಲ್ಲಿಗೆ ₹17,000 ಹೋಯಿತು. ತಲೆಗೆ ಸರಾಸರಿ ₹2,500ರಂತೆ ದಿನಕ್ಕೆ 3 ಲಕ್ಷ ರೂಪಾಯಿ ಯಂತ್ರದಿಂದ ಹೊರಗೆ ಹೋಗುತ್ತದೆ. ಇವತ್ತು ಹೋದ ದುಡ್ಡು ನಿಮ್ಮ ಖಾತೆಗೆ ಬರುವುದು ಬೇಗ ಅಂದರೆ ನಾಳೆ. ಅದನ್ನು ಕೌಂಟರಿನಲ್ಲಿ ತೆಗೆದು ಮತ್ತೆ ತುಂಬುವ ಹೊತ್ತಿಗೆ ಇನ್ನೊಂದು ದಿನದ ಹಣ ಖಾಲಿಯಾಗಿರುತ್ತದೆ. ಅಂದರೆ ಕನಿಷ್ಠ 6 ಲಕ್ಷ ಸದಾ ಸುತ್ತುತ್ತಿರಬೇಕು. ಅದನ್ನು ಶೇ 12ರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ₹6,000. ಕೈಯಲ್ಲಿ ಉಳಿಯುವುದು ₹8,200.

ಇದೇ ಯಂತ್ರಕ್ಕೆ ಅರ್ಧ ಜನ, ಅಂದರೆ 60 ಜನ ಮಾತ್ರ ಬಂದರೆ? ಕಮಿಷನ್ ₹15,600ಕ್ಕೆ ಇಳಿಯುತ್ತದೆ. ಬಾಡಿಗೆ, ಕರೆಂಟು, ಸಂಬಳ ಇಳಿಯುವುದಿಲ್ಲ. ಬಡ್ಡಿ ₹3,000 ಆದರೂ ತಿಂಗಳಿಗೆ ₹4,400 ಕೈಯಿಂದ ಹಾಕಬೇಕು. ಆದರೆ ಅದೇ 60 ಜನರ ಯಂತ್ರ ಸ್ವಂತ ಕಟ್ಟಡದ ದಿನಸಿ ಅಂಗಡಿಯ ಮಗ್ಗುಲಲ್ಲಿದ್ದು, ಅಂಗಡಿಯವರೇ ನೋಡಿಕೊಂಡರೆ ಬಾಡಿಗೆಯೂ ಸಂಬಳವೂ ತಪ್ಪಿ ₹6,600 ಉಳಿಯುತ್ತದೆ. ಆದ್ದರಿಂದಲೇ ಇದು ನಡೆಯುತ್ತಿರುವ ಅಂಗಡಿ, ಪೆಟ್ರೋಲ್ ಬಂಕ್, ಔಷಧಿ ಅಂಗಡಿಗಳಿಗೆ ಒಪ್ಪುವ ಉಪಕಸುಬು. ಕೆಲಸವಿಲ್ಲದ ಯುವಕನೊಬ್ಬ ಸಾಲ ತಂದು, ಮಳಿಗೆ ಬಾಡಿಗೆಗೆ ಹಿಡಿದು, ಇದನ್ನೇ ನೆಚ್ಚಿ ಕೂರುವುದಕ್ಕೆ ಇದು ತಕ್ಕದ್ದಲ್ಲ. ಅಂಗಡಿಯವರಿಗೆ ಇನ್ನೊಂದು ಅನುಕೂಲವಿದೆ. ಚಿಲ್ಲರೆ ಅಂಗಡಿಗಳಿಂದ ನಗದು ಪಡೆಯಲು ವೈಟ್ ಲೇಬಲ್ ಕಂಪನಿಗಳಿಗೆ 2016ರ ಕೊನೆಯಲ್ಲೇ ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿದೆ. ನೋಟಿನ ಗುಣಮಟ್ಟಕ್ಕೂ ಅಸಲಿತನಕ್ಕೂ ಕಂಪನಿಯೇ ಹೊಣೆ ಎಂಬ ಷರತ್ತು ಇರುವುದರಿಂದ ನಿಮ್ಮ ಒಪ್ಪಂದದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಮಿಷನ್ ಸಿಗುವುದು ವಹಿವಾಟಿನ ಎಣಿಕೆಗೆ, ಮೊತ್ತಕ್ಕಲ್ಲ. ಒಬ್ಬರು ಹತ್ತು ಸಾವಿರ ತೆಗೆದರೆ ಸಿಗುವುದು ₹8. ಇಪ್ಪತ್ತು ಜನ ಐನೂರೈನೂರು ತೆಗೆದರೆ ಅದೇ ಹತ್ತು ಸಾವಿರಕ್ಕೆ ₹160. ಅಡಿಕೆ ಮಂಡಿಯ ಎದುರು ಯಂತ್ರ ಹಾಕಿ ಕೋಟಿ ವಹಿವಾಟಿನ ಕನಸು ಕಾಣುವವರಿಗೆ ಇದು ಹೊಳೆದಿರುವುದಿಲ್ಲ. ಅಲ್ಲಿ ಬರುವವರು ಕಡಿಮೆ, ತೆಗೆಯುವುದು ಜಾಸ್ತಿ. ಪೆಟ್ಟಿಗೆ ಮಧ್ಯಾಹ್ನಕ್ಕೇ ಖಾಲಿ. ಸರ್ಕಾರಿ ಆಸ್ಪತ್ರೆ, ಕಾಲೇಜು ಹಾಸ್ಟೆಲ್, ಗಾರ್ಮೆಂಟ್ಸ್ ಗೇಟು, ಬಸ್ ನಿಲ್ದಾಣ ಇವುಗಳ ಬಳಿ ಸಣ್ಣ ಸಣ್ಣ ಮೊತ್ತ ತೆಗೆಯುವವರು ಸಿಗುತ್ತಾರೆ. ಗೃಹಲಕ್ಷ್ಮಿಯ ₹2,000 ಖಾತೆಗೆ ಬಿದ್ದ ದಿನ ಹೋಬಳಿಯ ಯಂತ್ರದ ಮುಂದೆ ಸಾಲು ನಿಲ್ಲುತ್ತದೆ. ಫ್ರಾಂಚೈಸಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಆ ಹಣ ತಿಂಗಳ ಇಂಥದೇ ತಾರೀಖಿಗೆ ಬರುವುದಿಲ್ಲ, ಹಾಗಾಗಿ ಆ ದಿನಕ್ಕೆ ಬೇಕಾದ ನಗದನ್ನು ಮೊದಲೇ ತಂದಿಡಲು ಆಗುವುದಿಲ್ಲ. ಊರಿನ ಅಂಗನವಾಡಿ ಕಾರ್ಯಕರ್ತೆಯರ ಪರಿಚಯ ಇಟ್ಟುಕೊಂಡ ಫ್ರಾಂಚೈಸಿಗೆ ಸುದ್ದಿ ಸ್ವಲ್ಪ ಮುಂಚೆ ಸಿಗುತ್ತದೆ, ಅಷ್ಟೇ.

ಜಾಗ ಗೊತ್ತುಮಾಡುವ ಮೊದಲು ಹತ್ತಿರದ ಬ್ಯಾಂಕ್ ಎಟಿಎಂನ ಎದುರಿನ ಹೋಟೆಲಿನಲ್ಲಿ ಕೂತು ಎಣಿಸಿ. ಒಂದು ಮಾಮೂಲಿ ದಿನ, ಒಂದು ಸಂತೆಯ ದಿನ, ತಿಂಗಳ ಮೊದಲ ವಾರದ ಒಂದು ದಿನ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಒಳಗೆ ಹೋದವರೆಷ್ಟು, ಬರಿಗೈಲಿ ಹೊರಗೆ ಬಂದವರೆಷ್ಟು ಎಂದು ಗೀಟು ಹಾಕಿಕೊಳ್ಳಿ. ಬರಿಗೈಲಿ ಬಂದವರೇ ನಿಮ್ಮ ನಾಳೆಯ ಗಿರಾಕಿಗಳು. ಇಂಥ ಮೂರು ದಿನದ ಎಣಿಕೆಗಿಂತ ಯಾವ ಏಜೆಂಟನ ಭರವಸೆಯೂ ದೊಡ್ಡದಲ್ಲ.

ಕೋಣೆ ನೆಲಮಹಡಿಯಲ್ಲಿದ್ದು ರಸ್ತೆಗೆ ಕಾಣುವಂತಿರಬೇಕು, ಮೇಲೆ ಆರ್‌ಸಿಸಿ ತಾರಸಿ ಇರಬೇಕು. ಹೆಂಚು, ಶೀಟಿನ ಸೂರು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಯಂತ್ರವನ್ನು ಗೋಡೆಗೋ ಕಂಬಕ್ಕೋ ನೆಲಕ್ಕೋ ಭದ್ರವಾಗಿ ಬಂಧಿಸಿರಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಕಡ್ಡಾಯ ಮಾಡಿದೆ. ಟೈಲ್ಸ್ ಮೇಲೆ ನಿಲ್ಲಿಸಿ ಬೋಲ್ಟ್ ಹಾಕಿದರೆ ಸಾಲದು. ಟೈಲ್ಸ್ ಒಡೆದು ಕಾಂಕ್ರೀಟಿನ ಒಳಕ್ಕೇ ಬೋಲ್ಟ್ ಇಳಿಸಬೇಕು. ಉಪಗ್ರಹದ ಮೂಲಕ ಸಂಪರ್ಕ ಕೊಡುವ ವಿ-ಸ್ಯಾಟ್ ಬುಟ್ಟಿ ಇಡಬೇಕಾದರೆ ತಾರಸಿಗೆ ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಆಮೇಲೆ ಮೇಲಂತಸ್ತು ಎದ್ದರೆ ಸಿಗ್ನಲ್ ಹೋಗುತ್ತದೆ. ಎರಡು ಸಿಮ್ ಹಾಕುವ 4ಜಿ ರೂಟರ್ ಆದರೆ ಎರಡೂ ಬೇರೆ ಬೇರೆ ಕಂಪನಿಯ ಸಿಮ್ ಆಗಿರಲಿ.

ಕರೆಂಟಿನ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಯಂತ್ರ ಪದೇಪದೇ ನಿಲ್ಲುವುದಕ್ಕೆ ಅದೇ ದೊಡ್ಡ ಕಾರಣ. ಹಳೇ ಕಟ್ಟಡದ ಅರ್ತಿಂಗ್ ನಂಬಬೇಡಿ. ಯಂತ್ರಕ್ಕೆಂದೇ ಬೇರೆ ಗುಂಡಿ ತೋಡಿ ಅರ್ತ್ ಮಾಡಿಸಿ, ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ 2–3ರೊಳಗೆ ಇದೆಯೇ ಎಂದು ಮೀಟರ್ ಹಿಡಿಸಿ ನೋಡಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅದು ಏರುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ನಿಮ್ಮೂರಿನ ಲೋಡ್‌ಶೆಡ್ಡಿಂಗ್‌ಗೆ ಹೋಲಿಸಿ ಕೇಳಿ. ಸ್ವಿಚ್ಚು, ಪ್ಲಗ್ಗು, ಕೇಬಲ್ ಯಾವುದೂ ಗ್ರಾಹಕನ ಕೈಗೆ ಎಟುಕಬಾರದು. ನೋಟು ಹೊರಬರುವ ಆ ಕ್ಷಣಕ್ಕೆ ಸರಿಯಾಗಿ ಕರೆಂಟು ತೆಗೆದು, ನೋಟು ಎಳೆದುಕೊಂಡು, ‘ಹಣ ಬರಲಿಲ್ಲ’ ಎಂದು ಬ್ಯಾಂಕಿಗೆ ದೂರು ಕೊಡುವ ತಂಡಗಳಿವೆ. ಕೇಬಲ್ಲುಗಳನ್ನು ಕೊಳವೆಯೊಳಗೆ ಹಾಯಿಸಿ ತೂತುಗಳನ್ನು ಮುಚ್ಚಿಸಿ. ಇಲ್ಲವಾದರೆ ಇಲಿ ತಂತಿ ಕಡಿದು ಯಂತ್ರ ಎರಡು ದಿನ ಕೆಟ್ಟು ನಿಲ್ಲುತ್ತದೆ.

ನೋಟು ತುಂಬುವ ಕೆಲಸದಲ್ಲಿ ಕೈ ಪಳಗಬೇಕು. ಯಂತ್ರದೊಳಗಿನ ನೋಟಿನ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಾರೆ, ಒಂದರಲ್ಲಿ ಸುಮಾರು 2,000 ನೋಟು ಕೂರುತ್ತವೆ. ಐನೂರರದ್ದಾದರೆ 10 ಲಕ್ಷ, ನೂರರದ್ದಾದರೆ 2 ಲಕ್ಷ. ಬ್ಯಾಂಕಿನಿಂದ ತಂದ ಕಂತೆಯನ್ನು ಹಾಗೆಯೇ ಒತ್ತಿದರೆ ಕೆಲಸ ಕೆಡುತ್ತದೆ. ಪ್ರತಿ ಕಟ್ಟಿನ ಪಟ್ಟಿ ಬಿಚ್ಚಿ, ಇಸ್ಪೀಟು ಬಿಡಿಸಿದಂತೆ ನೋಟುಗಳ ನಡುವೆ ಗಾಳಿ ಆಡಿಸಬೇಕು. ಹೊಸ ನೋಟು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಯಂತ್ರ ಎರಡೆರಡು ಎಳೆದು, ಸಂಶಯ ಬಂದು, ತಿರಸ್ಕೃತ ಪೆಟ್ಟಿಗೆಗೆ ತಳ್ಳುತ್ತದೆ. ಟೇಪು ಹಚ್ಚಿದ್ದು, ಮೂಲೆ ಮಡಿಚಿದ್ದು, ಪಿನ್ನಿನ ತೂತು ಬಿದ್ದದ್ದು ಆರಿಸಿ ತೆಗೆಯಬೇಕು. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ನೋಟು ಥಂಡಿ ಹಿಡಿದು ಮೆತ್ತಗಾಗಿರುತ್ತದೆ. ಹಿಂದಿನ ರಾತ್ರಿ ಒಣ ಜಾಗದಲ್ಲಿ ಬಿಡಿಸಿಟ್ಟರೆ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಕ್ಯಾಸೆಟ್ಟನ್ನು ಗಿಡಿದು ತುಂಬಬಾರದು, ಹಿಂದಿನಿಂದ ಒತ್ತುವ ಸ್ಪ್ರಿಂಗ್ ಪಟ್ಟಿಗೆ ಸರಿದಾಡಲು ಜಾಗ ಬೇಕು. ಹಳೆಯ ನೂರರ ನೋಟು 157 ಮಿ.ಮೀ. ಉದ್ದ, 73 ಅಗಲ. ನೇರಳೆ ಬಣ್ಣದ ಹೊಸ ನೂರು 142 ಉದ್ದ, 66 ಅಗಲ. ಎರಡನ್ನೂ ಒಂದೇ ಕ್ಯಾಸೆಟ್ಟಿಗೆ ಹಾಕಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ನೂರರ ಕ್ಯಾಸೆಟ್ಟಿಗೆ ಐನೂರು ತುಂಬುವುದು. ಯಂತ್ರ ನೋಟು ಎಣಿಸುವುದು ಕ್ಯಾಸೆಟ್ಟಿಗೆ ಗೊತ್ತುಮಾಡಿದ ಮುಖಬೆಲೆಯ ಮೇಲೆ. ₹500 ಕೇಳಿದವರಿಗೆ ಐನೂರರ ಐದು ನೋಟು ಕೊಡುತ್ತದೆ, ಪುಸ್ತಕದಲ್ಲಿ ₹500 ಎಂದೇ ಬರೆಯುತ್ತದೆ. ಊರಿಗೆ ಸುದ್ದಿ ಹಬ್ಬಲು ಅರ್ಧ ಗಂಟೆ ಸಾಕು. ಆ ನಷ್ಟ ತುಂಬಿದವನದೇ. ಆದ್ದರಿಂದ ತುಂಬುವಾಗ ಇಬ್ಬರಿರಬೇಕು. ಒಬ್ಬ ತುಂಬಿದ್ದನ್ನು ಇನ್ನೊಬ್ಬ ಕ್ಯಾಸೆಟ್ ಮುಚ್ಚುವ ಮುನ್ನ ನೋಡಬೇಕು. ಹಣ ತುಂಬುವವರಿಗೆ ಒಂದು ಸಲಕ್ಕಷ್ಟೇ ನಡೆಯುವ ಸಂಖ್ಯೆಯ ಡಿಜಿಟಲ್ ಬೀಗವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಆ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಓದಿ ಹೇಳಕೂಡದು. ತೆರೆದ ಕೂಡಲೇ ಹೊಸ ನೋಟು ಹಾಕುವ ಮೊದಲು, ಕ್ಯಾಸೆಟ್ಟಿನಲ್ಲಿ ಉಳಿದದ್ದು, ತಿರಸ್ಕೃತ ಪೆಟ್ಟಿಗೆಯಲ್ಲಿ ಬಿದ್ದದ್ದು ಎರಡನ್ನೂ ಎಣಿಸಿ ಯಂತ್ರದ ಕೌಂಟರ್ ಚೀಟಿಗೆ ತಾಳೆ ನೋಡಬೇಕು. ಅಂದಂದಿನ ವ್ಯತ್ಯಾಸ ಅಂದೇ ಬರೆದರೆ ಕಾರಣ ಸಿಗುತ್ತದೆ. ವಾರ ಬಿಟ್ಟು ಹುಡುಕಿದರೆ ಸಿಗದು. ಹೆಚ್ಚುವರಿ ಬಂದ ಹಣವನ್ನು ಜೇಬಿಗೆ ಹಾಕಿಕೊಳ್ಳುವ ಬುದ್ಧಿಯೂ ಬೇಡ. ಅದು ಯಾರೋ ಒಬ್ಬ ಗ್ರಾಹಕನಿಗೆ ಬರದೆ ಉಳಿದ ದುಡ್ಡು, ದೂರಿನ ರೂಪದಲ್ಲಿ ವಾಪಸು ಬಂದೇ ಬರುತ್ತದೆ.

ದೂರಿನ ನಿಯಮ ಅಂಗಡಿಯಲ್ಲಿ ಕೂರುವವರಿಗೆ ಬಾಯಿಪಾಠ ಇರಬೇಕು. ಖಾತೆಯಲ್ಲಿ ಹಣ ಕಡಿತವಾಗಿ ಯಂತ್ರದಿಂದ ಬರದಿದ್ದರೆ, ವಹಿವಾಟು ನಡೆದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ವಾಪಸು ಹಾಕಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಗ್ರಾಹಕರು ದೂರು ಕೊಡಬೇಕಾದದ್ದು ಅವರ ಕಾರ್ಡಿನ ಬ್ಯಾಂಕಿಗೆ. ಫ್ರಾಂಚೈಸಿ ತನ್ನ ಗಲ್ಲಾದಿಂದ ಎತ್ತಿಕೊಟ್ಟರೆ ಆಮೇಲೆ ಅದೇ ಹಣವನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಾನೆ. ಹಾಗೆಯೇ, ಬೇರೆ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಉಚಿತವಾಗಿ ಸಿಗುವುದು ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ಉಳಿದ ಕಡೆ ಐದು ಸಲ. ಬ್ಯಾಲೆನ್ಸ್ ನೋಡಿದ್ದೂ ಎಣಿಕೆಗೆ ಸೇರುತ್ತದೆ. ಅದು ಮೀರಿದರೆ ಪ್ರತಿ ಸಲ ₹23ರವರೆಗೆ, ಮೇಲೆ ತೆರಿಗೆ. ಇಷ್ಟನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಯಂತ್ರ ಖಾಲಿ ಬಿಡುವುದೂ ಅಪರಾಧವೇ. ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಹೆಚ್ಚು ಹೊತ್ತು ನೋಟಿಲ್ಲದೆ ನಿಂತರೆ ಯಂತ್ರವೊಂದಕ್ಕೆ ₹10,000 ದಂಡ ಎಂಬ ಯೋಜನೆಯನ್ನು ರಿಸರ್ವ್ ಬ್ಯಾಂಕ್ 2021ರಲ್ಲಿ ತಂದಿತು. ದಂಡ ಬೀಳುವುದು ನಗದು ಒದಗಿಸುವ ಬ್ಯಾಂಕಿಗೆ, ಅದು ಕಂಪನಿಯಿಂದ ವಸೂಲು ಮಾಡಬಹುದು. ಕಂಪನಿ ಅದನ್ನು ನಿಮ್ಮ ತಲೆಗೆ ಕಟ್ಟುತ್ತದೆಯೇ ಎಂಬುದು ಒಪ್ಪಂದದ ಒಳಪುಟದಲ್ಲಿರುತ್ತದೆ, ಹುಡುಕಿ ಓದಿ. ಎರಡನೇ ಶನಿವಾರ, ಭಾನುವಾರ, ಸೋಮವಾರದ ಹಬ್ಬ ಕೂಡಿಬಂದರೆ ಮೂರು ದಿನ ಬ್ಯಾಂಕಿನ ಕೌಂಟರ್ ಮುಚ್ಚಿರುತ್ತದೆ. ಮೇಲಿನ ಲೆಕ್ಕದ ಯಂತ್ರಕ್ಕೆ ಶುಕ್ರವಾರ ಸಂಜೆ ಒಂಬತ್ತು ಲಕ್ಷ ಸಿದ್ಧವಿರಬೇಕು. ದಸರಾ, ದೀಪಾವಳಿಯಲ್ಲಿ ಸೋಲುವವರು ಸೋಲುವುದು ಇಲ್ಲೇ.

ತೆರಿಗೆಯಲ್ಲಿ ಒಂದೇ ಒಂದು ಅಂಶ ಮರೆತರೂ ದುಡ್ಡು ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ 1 ಕೋಟಿ ದಾಟಿ ನಗದು ತೆಗೆದರೆ ಬ್ಯಾಂಕು ಶೇ 2 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮುರಿಯುತ್ತದೆ, ಎಲ್ಲರೂ 194ಎನ್ ಎಂದು ಕರೆಯುವ ನಿಯಮ ಅದು. ದಿನಕ್ಕೆ 3 ಲಕ್ಷ ತೆಗೆಯುವವರು 34ನೇ ದಿನಕ್ಕೇ ಆ ಗೆರೆ ದಾಟುತ್ತಾರೆ. ವರ್ಷದಲ್ಲಿ ಸುಮಾರು 20 ಲಕ್ಷ ರೂಪಾಯಿ ಹೀಗೆ ಮುರಿದುಹೋದರೆ ಸುತ್ತಲು ಹಣವೇ ಉಳಿಯದು. ವೈಟ್ ಲೇಬಲ್ ಕಂಪನಿಯ ಫ್ರಾಂಚೈಸಿಗಳಿಗೆ 2019ರ ಸೆಪ್ಟೆಂಬರ್‌ನ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಆದರೆ ಷರತ್ತು ಎರಡು. ಎಟಿಎಂಗೆ ತುಂಬುವುದಕ್ಕೆ ಮಾತ್ರ ಬಳಸುವ ಪ್ರತ್ಯೇಕ ಖಾತೆ ಇರಬೇಕು. ತೆಗೆದ ಹಣ ಯಂತ್ರಕ್ಕೆ ತುಂಬಿದ ಹಣಕ್ಕೆ ತಾಳೆಯಾಗಿದೆ ಎಂದು ಕಂಪನಿ ಪ್ರತಿ ತಿಂಗಳು ಆ ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. ಆ ಖಾತೆಯಿಂದ ಮಗಳ ಫೀಸು ಕಟ್ಟಿದರೂ ವಿನಾಯಿತಿ ಕೈತಪ್ಪಬಹುದು. ಅಂಗಡಿಯ ನಗದನ್ನೂ ತುಂಬುವವರು ಎರಡಕ್ಕೂ ಬೇರೆ ಬೇರೆ ಪುಸ್ತಕ ಇಟ್ಟು ಆಡಿಟರಿಗೆ ಮೊದಲ ತಿಂಗಳೇ ತೋರಿಸಲಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯಾದರೆ ಕಮಿಷನ್ನೂ ರಿಟರ್ನ್‌ನಲ್ಲಿ ಬರಬೇಕು.

ಬೀದರ್‌ನಲ್ಲಿ 2025ರ ಜನವರಿಯಲ್ಲಿ ಎಟಿಎಂಗೆ ಹಣ ಒಯ್ಯುತ್ತಿದ್ದವರ ಮೇಲೆ ಹಾಡಹಗಲೇ ಗುಂಡು ಹಾರಿಸಿದ್ದನ್ನು ಯಾರೂ ಮರೆತಿಲ್ಲ. ಬೈಕಿನ ಡಿಕ್ಕಿಯಲ್ಲಿ ಮೂರು ಲಕ್ಷ ಇಟ್ಟುಕೊಂಡು ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಓಡಾಡುವ ಫ್ರಾಂಚೈಸಿಗಳಿಗೆ ಈ ಅಪಾಯ ಇನ್ನೂ ಹತ್ತಿರದ್ದು. ಹಣ ಸಾಗಿಸುವ ಖಾಸಗಿ ಸಂಸ್ಥೆಗಳು ನಗರದಲ್ಲಿ ರಾತ್ರಿ 9ರ ಮೇಲೆ, ಹಳ್ಳಿಯಲ್ಲಿ ಸಂಜೆ 6ರ ಮೇಲೆ ಎಟಿಎಂಗೆ ಹಣ ತುಂಬಬಾರದು ಎಂದು ಕೇಂದ್ರ ಗೃಹ ಸಚಿವಾಲಯ ಹೇಳಿದೆ. ಫ್ರಾಂಚೈಸಿಯೂ ಅದನ್ನೇ ಪಾಲಿಸಲಿ. ವಿಮೆ ಯಂತ್ರಕ್ಕೆ ಮಾತ್ರವೋ, ಒಳಗಿನ ನಗದಿಗೂ ಇದೆಯೋ, ಬ್ಯಾಂಕಿನಿಂದ ಕೋಣೆಯವರೆಗಿನ ದಾರಿಗೂ ಇದೆಯೋ, ಪಾಲಿಸಿಯಲ್ಲಿ ನಿಮ್ಮ ಹೆಸರಿದೆಯೋ ಎಂದು ಬರಹದಲ್ಲಿ ಪಡೆಯಬೇಕು. ಬೀಗದ ಕೈ ರಾತ್ರಿ ಅದೇ ಕೋಣೆಯಲ್ಲಿದ್ದರೆ ವಿಮೆಯ ಹಣ ಸಿಗುವುದು ಕಷ್ಟ.

ಒಪ್ಪಂದದ ಪತ್ರ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಕನಿಷ್ಠ ಎಷ್ಟು ವಹಿವಾಟಿನ ಕೆಳಗೆ ಕಮಿಷನ್ ಇಳಿಯುತ್ತದೆ, ಯಂತ್ರ ಕೆಟ್ಟರೆ ಎಷ್ಟು ಗಂಟೆಯಲ್ಲಿ ರಿಪೇರಿ, ಎಸಿ ಯಾರದು, ಎಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಠೇವಣಿ ಎಷ್ಟು ದಿನದಲ್ಲಿ ವಾಪಸು, ಇವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಫ್ರಾಂಚೈಸಿಯ ಹಕ್ಕೆಂದೇ ನಮ್ಮ ಭಾವನೆ. ಪರವಾನಗಿ ಪಡೆದ ಕಂಪನಿಗಳು ಕರ್ನಾಟಕದಲ್ಲಿ ಇದನ್ನು ತಾವಾಗಿಯೇ ಮಾಡಬೇಕು.

ಬ್ಯಾಂಕುಗಳಿಗೂ ಒಂದು ಮಾತು. ₹100 ಅಥವಾ ₹200ರ ನೋಟು ಸಿಗುವ ಎಟಿಎಂಗಳ ಪಾಲು 2025ರ ಸೆಪ್ಟೆಂಬರ್ 30ರೊಳಗೆ ಶೇ 75, 2026ರ ಮಾರ್ಚ್ 31ರೊಳಗೆ ಶೇ 90 ಆಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು ವೈಟ್ ಲೇಬಲ್ ಯಂತ್ರಗಳಿಗೂ ಸೇರಿಸಿಯೇ. ಆದರೆ ತಾಲ್ಲೂಕಿನ ಶಾಖೆಗೆ ಹೋಗಿ ನೂರರ ಕಟ್ಟು ಕೇಳಿದರೆ ‘ಐನೂರು ಬೇಕಾದರೆ ತಗೊಳ್ಳಿ’ ಎಂಬ ಉತ್ತರ ಬರುತ್ತದೆ. ಕೊಟ್ಟರೂ ಯಂತ್ರಕ್ಕೆ ಆಗದ ಸವೆದ ನೋಟು. ಪ್ರತಿ ಜಿಲ್ಲೆಯಲ್ಲಿ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರು ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಂಡು, ಕಂಪನಿಯ ಗುರುತುಪತ್ರ ತೋರಿಸುವ ಫ್ರಾಂಚೈಸಿಗೆ ವಿಂಗಡಿಸಿದ ₹100, ₹200ರ ನೋಟನ್ನು ವಾರಕ್ಕೆ ಇಂತಿಷ್ಟು ಎಂದು ಯಾವ ಶಾಖೆ ಕೊಡಬೇಕು ಎಂಬುದನ್ನು ಗೊತ್ತುಮಾಡಬೇಕು. ಗೃಹಲಕ್ಷ್ಮಿಯ ಹಣ ತೆಗೆದ ಹೆಂಗಸು ನಾಲ್ಕು ಐನೂರರ ನೋಟು ಹಿಡಿದು ಚಿಲ್ಲರೆಗಾಗಿ ಅದೇ ಅಂಗಡಿಯ ಗಲ್ಲಾದ ಮುಂದೆ ಇನ್ನೊಂದು ಸಾಲಿನಲ್ಲಿ ನಿಲ್ಲುವುದು ಆಗ ತಪ್ಪುತ್ತದೆ.

ಇಂತಿ,
ನಿಮ್ಮ ಓದುಗರು,
ತಿಪಟೂರು